ಐದನೇ ಕ್ರಾಸಿನ ಅಳತೆ

ಜೂನ್ 10, ಸೋಮವಾರ

ಬೆಳಗಿನ ಜಾವ ಎದ್ದು ನೀರಿಗೆ ಕಾಯುತ್ತ ಕೂತಿದ್ದೇನೆ. ನಲ್ಲಿ ಬುಸ್ ಎನ್ನುತ್ತಿದೆ, ಹನಿ ಬೀಳುತ್ತಿಲ್ಲ. ಸುಮ್ಮನೆ ಕೂತರೆ ತೂಕಡಿಕೆ ಬಂದು ನೀರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲವೆಂದು ಈ ಡೈರಿ ತೆಗೆದೆ. ಸಹಕಾರ ಬ್ಯಾಂಕಿನವರು ಯಾವ ಕಾಲದಲ್ಲೋ ಕೊಟ್ಟದ್ದು. ತಾರೀಕು ಸರಿ, ವಾರ ಹೊಂದುವುದಿಲ್ಲ, ತಿದ್ದಿಕೊಂಡು ಬರೆಯುತ್ತೇನೆ. ಓದುವವರು ಯಾರಿದ್ದಾರೆ, ನಾನೇ ತಾನೆ.

ಇವತ್ತು ಹೊಸ ಕೆಲಸದ ಮೊದಲ ದಿನ. ಇಪ್ಪತ್ನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದೆ. ನಿಂತು ನಿಂತು ಮಂಡಿ ಹೋಯಿತು. ಇನ್ನು ಮೇಲೆ ಶರ್ಟು ನೋಡುವ ಬದಲು ಮಕ್ಕಳನ್ನು ನೋಡಬೇಕು. ಒಂದು ಸಂಸ್ಥೆಯವರು ನಮ್ಮ ದಾಸರಹಳ್ಳಿಯ ಹನ್ನೆರಡು ಕ್ರಾಸುಗಳಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ಅಧ್ಯಯನ ಮಾಡುತ್ತಿದ್ದಾರೆ. ಚೀಟಿ ಎತ್ತಿ ಆರು ಕ್ರಾಸನ್ನು ಒಂದು ಕಡೆ, ಆರನ್ನು ಇನ್ನೊಂದು ಕಡೆ ಹಾಕಿದ್ದಾರೆ. ಒಂದು ಕಡೆಯವು ಆಟದ ಕ್ರಾಸು. ಅಲ್ಲಿಗೆ ವಾರಕ್ಕೊಮ್ಮೆ ಒಬ್ಬಳು ಹೋಗಿ, ಮಗುವಿನ ಜೊತೆ ಹೇಗೆ ಮಾತಾಡಬೇಕು, ಲೋಟ ಮುಚ್ಚಳ ಇಟ್ಟು ಹೇಗೆ ಆಡಿಸಬೇಕು ಎಂದು ತಾಯಂದಿರಿಗೆ ಕಲಿಸುತ್ತಾಳೆ. ಉಳಿದವು ಅಳತೆ ಕ್ರಾಸು. ಅಲ್ಲಿ ಏನನ್ನೂ ಕಲಿಸುವುದಿಲ್ಲ, ಎರಡು ತಿಂಗಳಿಗೊಮ್ಮೆ ಅಳೆದು ಬರುವುದು ಅಷ್ಟೇ. ಎಂಟು ತಿಂಗಳಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ವ್ಯತ್ಯಾಸ ಕಂಡರೆ ಇಲಾಖೆಯವರು ಎಲ್ಲಾ ಅಂಗನವಾಡಿಗೂ ಈ ಪಾಠ ತರುತ್ತಾರಂತೆ. ಕಾಣದಿದ್ದರೆ ಫೈಲು ಮುಚ್ಚುತ್ತಾರೆ.

ನಾನು ಎರಡೂ ಕಡೆ ಅಳೆಯುವವಳು. ಯಾವ ಕ್ರಾಸು ಯಾವುದೆಂದು ಅಳೆಯುವವರಿಗೆ ಗೊತ್ತಿರಬಾರದಂತೆ. ದಾಸರಹಳ್ಳಿಯಲ್ಲಿ ಅದು ಆಗುವ ಮಾತೇ! ಟೀ ಅಂಗಡಿಯವನೇ ಹೇಳಿಬಿಟ್ಟ. ನನ್ನ ಪಾಲಿಗೆ ಬಂದ ಆರರಲ್ಲಿ ಐದು, ಏಳು, ಒಂಬತ್ತು ಅಳತೆ ಕ್ರಾಸು.

ನಮ್ಮ ಮೇಲಿನವಳು ಸೌಮ್ಯಾ ಮೇಡಂ, ನನ್ನ ಮಗಳ ವಯಸ್ಸು. "ಪದ್ಮಕ್ಕ, ಅಳೆಯೋರು ಏನೂ ಹೇಳ್ಕೊಡ್ಬಾರ್ದು. ಶಬಾಷ್ ಅನ್ಬಾರ್ದು, ಅಯ್ಯೋ ಅನ್ಬಾರ್ದು. ಫಾರಂನಲ್ಲಿ ಇರೋದನ್ನ ಕೇಳಿ ಎದ್ದು ಬರ್ಬೇಕು" ಎಂದು ತರಬೇತಿಯಲ್ಲೇ ಹೇಳಿದ್ದಳು. ನನಗೆ ಸರಿಹೋಯಿತು. ಚೆಕ್ಕರ್ ಕೆಲಸವೂ ಅದೇ. ಹೊಲಿದವಳು ಯಾರಾದರೇನು, ನಮಗೆ ಪೀಸು ಮುಖ್ಯ.

ಒಂದು ನೀಲಿ ಕೋಟು ಕೊಟ್ಟಿದ್ದಾರೆ. ಮೂರನೇ ಗುಂಡಿ ಈಗಲೇ ನೇತಾಡುತ್ತಿದೆ. ಹೊಸ ಪೀಸು, ಯಾವಳೋ ನೋಡದೆ ಪಾಸ್ ಮಾಡಿದ್ದಾಳೆ.

ನೀರು ಬಂತು.

ಜೂನ್ 13, ಗುರುವಾರ

ಐದನೇ ಕ್ರಾಸಿನ ವಠಾರದಲ್ಲಿ ಹದಿನೆಂಟು ಮನೆ, ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಮೂರು ಮಹಡಿ ಹತ್ತಿ ಇಳಿದು ಮಂಡಿ ಊದಿಕೊಂಡಿದೆ. ಒಂದು ಮಗು ಕೋಟಿನ ಗುಂಡಿ ಎಳೆದು ಕಿತ್ತೇಬಿಟ್ಟಿತು. ಮಕ್ಕಳೆಂದರೆ ನನಗೆ ಅಷ್ಟಕ್ಕಷ್ಟೇ. ಅದನ್ನು ಇಲ್ಲಲ್ಲದೆ ಎಲ್ಲಿ ಹೇಳಲಿ.

ಕೊನೆಯ ಮನೆ ಮುದ್ದೇಬಿಹಾಳ ಕಡೆಯವರದು. ಗಂಡ ಸಂಗಣ್ಣ ಪೀಣ್ಯದಲ್ಲಿ ಎರಕದ ಕೆಲಸ, ಹೆಂಡತಿ ಸುಮಂಗಲಾ ಪ್ಯಾಕಿಂಗಿಗೆ ಹೋಗುತ್ತಾಳೆ. ಮಗು ದಾನೇಶ್ವರಿ, ಇಪ್ಪತ್ತು ತಿಂಗಳು. ದಾನವ್ವ ಎಂದು ಕರೆಯುತ್ತಾರೆ. ಹಗಲಿಡೀ ಅದೇ ವಠಾರದ ಚನ್ನಕ್ಕ ಎಂಬ ಮುದುಕಿಯ ಹತ್ತಿರ ಇರುತ್ತದೆ. ಚನ್ನಕ್ಕ ಕೆಟ್ಟವಳಲ್ಲ. ಹಾಲು ಕುಡಿಸುತ್ತಾಳೆ, ಬಿದ್ದರೆ ಎತ್ತುತ್ತಾಳೆ. ಆದರೆ ಒಂದೇ ಕೋಣೆಯಲ್ಲಿ ಆರು ಮಕ್ಕಳು. ಒಂದು ಫೋನು ಹಚ್ಚಿ ಮುಂದೆ ಇಟ್ಟರೆ ಸಂಜೆಯವರೆಗೆ ಯಾರ ಸದ್ದೂ ಇಲ್ಲ.

ಮರದ ತುಂಡುಗಳನ್ನು ಕೊಟ್ಟೆ, ದಾನವ್ವ ಮುಟ್ಟಲಿಲ್ಲ. ಚಿತ್ರ ತೋರಿಸಿ ನಾಯಿ ಎಲ್ಲಿ ಎಂದೆ, ನನ್ನ ಮುಖವನ್ನೇ ನೋಡಿತು. ಫಾರಂನ ಕೊನೆಯಲ್ಲಿ ಎರಡು ಪ್ರಶ್ನೆ. ಎಷ್ಟು ಮಾತು ಆಡುತ್ತದೆ? ಸೊನ್ನೆ. ಎರಡು ಮಾತು ಕೂಡಿಸಿ ಹೇಳುತ್ತದೆಯೇ? ಇಲ್ಲ.

ಸುಮಂಗಲಾ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕಾರ, ಖರೇ ಹೇಳ್ರಿ. ನಮ್ಮ ಕೂಸಿಗೆ ಏನರ ಆಗೇತೇನ್ರಿ? ಇದರ ಜೋಡಿ ಹುಟ್ಟಿದ ಕೂಸುಗೋಳೆಲ್ಲಾ ಅವ್ವ, ಅಪ್ಪ ಅನ್ನಾಕ ಹತ್ಯಾವ. ಇದು ಬಾಯಿನ ಬಿಡವಲ್ದು."

ನಾನು ಫಾರಂನ ಕೊನೆಯ ಸಾಲು ಓದಿದೆ: "ನಿಮ್ಮ ಸಮಯಕ್ಕೆ ಧನ್ಯವಾದಗಳು." ಅವಳು ದಾರಿ ಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗಲೂ ಅವಳ ಮುಖ ಕಣ್ಣ ಮುಂದೆ ಇತ್ತು. ನಮ್ಮವರು, ಅಂಬರೀಶ್, ಫ್ಯಾಕ್ಟರಿಯ ಸೆಕೆಂಡ್ ಶಿಫ್ಟ್ ಮುಗಿಸಿ ಬಂದರು, ಉಂಡರು, ಮಲಗಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಡಬೇಕಾದ ಮಾತೆಲ್ಲ ಆಡಿ ಮುಗಿದಿದೆ.

ಜೂನ್ 24, ಸೋಮವಾರ

ತೀರಾ ಹಿಂದಿರುವ ಮಗು ಕಂಡರೆ ಆಸ್ಪತ್ರೆಗೆ ಚೀಟಿ ಬರೆಯಬಹುದು ಎಂದು ನಿಯಮದಲ್ಲಿಯೇ ಇದೆ. ದಾನವ್ವಳಿಗೆ ಬರೆದುಕೊಟ್ಟಿದ್ದೆ. ಸುಮಂಗಲಾ ಒಂದು ದಿನ ರಜೆ ಹಾಕಿ ಹೋಗಿಬಂದಳಂತೆ. ಕಿವಿ ಸರಿಯಾಗಿದೆಯಂತೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಜುಲೈ 2, ಮಂಗಳವಾರ

ಬರೆಯುವಂಥದ್ದೇನಿಲ್ಲ. ಮಂಡಿ.

ಜುಲೈ 9, ಮಂಗಳವಾರ

ಎಂಟನೇ ಮೈಲಿ ಸ್ಟಾಪಿನಲ್ಲಿ ಸುಮಂಗಲಾ ಸಿಕ್ಕಳು. ಸೊಂಟದ ಮೇಲೆ ದಾನವ್ವ. ನಾನು ಬೇರೆ ಕಡೆ ನೋಡಿದೆ. ಬಿಡಬೇಕಲ್ಲ!

"ಡಾಕ್ಟ್ರು ಕೂಸಿನ ಜೋಡಿ ಮಾತಾಡ್ರಿ ಅಂದ್ರು ಅಕ್ಕಾರ. ಏನ್ ಮಾತಾಡ್ಲ್ರಿ? ದೊಡ್ಡವರಾದ್ರ ತಿರುಗಿ ಮಾತಾಡ್ತಾರ. ಇದು ಗ್ವಾಡಿ ನೋಡ್ಕೊಂತ ಕುಂದರ್ತೈತಿ. ಒಬ್ಬಾಕಿನ ವಟಗುಟ್ಟಿದ್ರ ಮಂದಿ ಹುಚ್ಚಿ ಅಂತಾರ."

"ನಾನೂ ಇಪ್ಪತ್ನಾಲ್ಕು ವರ್ಷ ಹುಚ್ಚಿ ಥರ ವಟಗುಟ್ಟಿಕೊಂಡೇ ಕೆಲಸ ಮಾಡ್ದೋಳು ಕಣಮ್ಮ" ಎಂದೆ. ಬಾಯಿ ತಪ್ಪಿ ಬಂತು.

"ಅಂದ್ರ ಹ್ಯಾಂಗ್ರಿ?"

ಇನ್ನೇನು, ತೋರಿಸಿದೆ. ಚೆಕ್ಕರುಗಳಿಗೆ ಶರ್ಟು ನೋಡಲು ಒಂದು ಕ್ರಮ ಇದೆ. ಒಂದನ್ನು ಬಿಟ್ಟರೆ ಗಂಟೆಗೆ ನೂರು ಪೀಸಿನಲ್ಲಿ ಹತ್ತು ತಪ್ಪಿಹೋಗುತ್ತದೆ. ಅದಕ್ಕೆ ನಾನು ಬೆರಳಿಟ್ಟು, ಬಾಯಲ್ಲಿ ಹೇಳಿಕೊಂಡು ನೋಡುತ್ತಿದ್ದೆ. ದಾನವ್ವಳ ಅಂಗಿಯ ಮೇಲೆ ಬೆರಳಿಟ್ಟೆ. ಕಾಲರು, ತೋಳು, ಗುಂಡಿ, ಜೇಬು, ಅಂಚು. ಪಾಸ್! ಎಂದು ಕೊನೆಯಲ್ಲಿ ಬೆನ್ನು ತಟ್ಟಿದೆ. "ಅಂಗಿ ಹಾಕುವಾಗ ಹಿಂಗೆ ಹೇಳು. ಅಕ್ಕಿ ತೊಳೆಯುವಾಗ ಅಕ್ಕಿ ಅನ್ನು, ನೀರು ಅನ್ನು. ನಿನ್ನ ಕೈ ಮಾಡೋದನ್ನ ಬಾಯಲ್ಲಿ ಹೇಳು, ಸಾಕು. ಅದು ಉತ್ತರ ಕೊಡದಿದ್ರೆ ಬಿಡು."

ದಾನವ್ವ ತನ್ನ ಜೇಬನ್ನು ತಾನೇ ಬಗ್ಗಿ ನೋಡಿಕೊಂಡಿತು. ಅಷ್ಟರಲ್ಲಿ ಬಸ್ಸು ಬಂತು.

ಜುಲೈ 10, ಬುಧವಾರ

ನಿಯಮ ಇರುವುದು ಅಳತೆಗೆ ಹೋದಾಗ. ಬಸ್ ಸ್ಟಾಪು ಅಳತೆಯ ಜಾಗ ಅಲ್ಲ. ಆಟದ ಕ್ರಾಸಿನವರ ಪುಸ್ತಕದಿಂದ ನಾನು ಒಂದು ಅಕ್ಷರವನ್ನೂ ಹೇಳಿಲ್ಲ. ನಮ್ಮ ಗಾರ್ಮೆಂಟ್ಸ್ ಲೈನಿನ ವಿಷಯ ಹೇಳಿದೆ, ಅದಕ್ಕೆ ಯಾವ ಮೇಡಂ ಏನು ಕೇಳಿಯಾಳು.

ಹೀಗೆಂದು ಎರಡು ಸಲ ಬರೆದು ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ.

ಆಗಸ್ಟ್ 14, ಬುಧವಾರ

ಎರಡನೇ ಅಳತೆ. ಐದನೇ ಕ್ರಾಸಿನಲ್ಲಿ ಕಾಲಿಟ್ಟ ಕೂಡಲೇ ದಾನವ್ವ ಓಡಿ ಬಂತು. ನನ್ನ ಹತ್ತಿರ ಅಲ್ಲ, ನನ್ನ ಕೋಟಿನ ಹತ್ತಿರ. ಕುತ್ತಿಗೆ ಕಡೆ ಬೆರಳು ತೋರಿಸಿ "ಕಾ" ಎಂದಿತು.

ಕಾ ಎನ್ನುವುದು ಮಾತಲ್ಲ. ನಮ್ಮ ಅಳತೆ ಪುಸ್ತಕದ ಪ್ರಕಾರ ಅರ್ಧ ಮಾತೂ ಅಲ್ಲ. ಸೊನ್ನೆಯನ್ನೇ ಹಾಕಿದೆ, ನನ್ನ ಕೈ ಸುಳ್ಳು ಬರೆಯುವುದಿಲ್ಲ. ಆದರೆ ಇಪ್ಪತ್ತು ನಿಮಿಷದ ಮನೆಯಲ್ಲಿ ಮುಕ್ಕಾಲು ಗಂಟೆ ಕೂತೆ. ತೂಕದ ಮೆಷಿನ್ನಿನ ಮೇಲೆ ನೆಟ್ಟಗೆ ನಿಲ್ಲಲಿ ಎಂದು ಒಂದು, ಎರಡು, ಮೂರು ಹೇಳಿದೆ. ಅದು ಆಟ ಅಲ್ಲ. ನಿಲ್ಲದಿದ್ದರೆ ತೂಕ ಸರಿಯಾಗಿ ಬರುವುದಿಲ್ಲ.

ಆಗಸ್ಟ್ 16, ಶುಕ್ರವಾರ

ಅತ್ತಿಬೆಲೆಯಿಂದ ಮಗಳು ಫೋನ್ ಮಾಡಿದ್ದಳು. ಮಾತಿನ ಮಧ್ಯೆ, "ಅಮ್ಮ, ನಾನು ಮೊದಲು ಏನಂದೆ?" ಎಂದು ಕೇಳಿದಳು. ಅವಳಿಗೆ ಈಗ ಐದು ತಿಂಗಳು, ಇಂಥದ್ದೆಲ್ಲ ತಲೆಗೆ ಬರುತ್ತದೆ. "ಅಮ್ಮ ಅಂದೆ" ಎಂದು ಹೇಳಿಬಿಟ್ಟೆ.

ನನಗೆ ಗೊತ್ತಿಲ್ಲ. ನಾನು ಲೈನಿನಲ್ಲಿದ್ದೆ. ಫ್ಯಾಕ್ಟರಿಯ ಶಿಶುವಿಹಾರದ ಆಯಾ ಗೇಟಿನ ಹತ್ತಿರ "ಇವತ್ತು ನಿಮ್ಮ ಮಗಳು ಮಾತಾಡಿದ್ಲು ಕಣ್ರೀ" ಎಂದಿದ್ದಳು. ಏನಂದಳು ಎಂದು ಆಯಾ ಹೇಳಿದ್ದಳು. ಅದು ನನಗೆ ಮರೆತುಹೋಗಿದೆ. ಬಸ್ಸು ಹಿಡಿಯುವ ಅವಸರದಲ್ಲಿ ಇದ್ದೆ. ಇದನ್ನು ಬರೆಯುವಾಗ ನನಗೆ ತುಂಬ ಸಂಕಟವಾಗುತ್ತಿದೆ.

ಸೆಪ್ಟೆಂಬರ್ 11, ಬುಧವಾರ

ಕೆಲಸವಿಲ್ಲದಿದ್ದರೂ ಐದನೇ ಕ್ರಾಸಿನ ಮೇಲೆ ಹಾದು ಬಂದೆ. ಹತ್ತಿರದ ದಾರಿ. (ಹತ್ತಿರವೇನೂ ಅಲ್ಲ.)

ಒಗೆಯುವ ಕಲ್ಲಿನ ಹತ್ತಿರ ನಾಲ್ಕು ಹೆಂಗಸರು ಬಟ್ಟೆ ಹಿಂಡುತ್ತ ಒಂದೇ ಸಮ ಹೇಳುತ್ತಿದ್ದರು: ಕಾಲರು, ತೋಳು, ಗುಂಡಿ. ಮಕ್ಕಳು ಸುತ್ತ ನಿಂತು ಒದ್ದೆ ಅಂಗಿ ಮುಟ್ಟುತ್ತಿದ್ದವು. ಚನ್ನಕ್ಕನ ಕೋಣೆಯಲ್ಲಿ ಫೋನು ಕಾಣಲಿಲ್ಲ. "ಏ ತಂಗಿ, ನನಗೂ ಹೊತ್ತು ಹೋಗ್ತೈತವ್ವ. ಆರೂ ಹುಡುಗ್ರು ಸಾಲು ಹಚ್ಚಿ ನಿಂದರ್ತಾವ, ನನ್ನ ಚೆಕ್ ಮಾಡು, ನನ್ನ ಚೆಕ್ ಮಾಡು ಅಂತ" ಎಂದಳು ಮುದುಕಿ. ಅವಳಿಗೆ ಹಲ್ಲಿಲ್ಲ, ಪಾಸ್ ಎನ್ನುವಾಗ ಎಂಜಲು ಸಿಡಿಯುತ್ತದೆ, ಮಕ್ಕಳಿಗೆ ಅದೇ ಖುಷಿ.

ನಾನು ಸುಮಂಗಲಾಗೆ ಒಬ್ಬಳಿಗೆ ಹೇಳಿದ್ದು. ಒಂದು ನಲ್ಲಿಯ ವಠಾರದಲ್ಲಿ ಒಬ್ಬಳಿಗೆ ಹೇಳುವುದು ಎಂದು ಉಂಟೇ! ಇಲ್ಲೇ ಹುಟ್ಟಿ ಬೆಳೆದ ನನಗೆ ಅಷ್ಟು ಹೊಳೆಯಬೇಡವೇ. ಸೌಮ್ಯಾ ಮೇಡಂಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಅಡುಗೆ ಮಾಡುತ್ತ ನನಗೇ ಗೊತ್ತಿಲ್ಲದೆ ಈರುಳ್ಳಿ, ಮೆಣಸಿನಕಾಯಿ ಎಂದು ಹೇಳುತ್ತಿದ್ದೆನಂತೆ. ಇವರು ಶಿಫ್ಟಿಗೆ ಹೊರಟವರು ಅಡುಗೆಮನೆಗೆ ಇಣುಕಿ, "ತಲೆ ಕೆಡ್ತಾ ನಿಂಗೆ?" ಎಂದರು. ಕೊತ್ತಂಬರಿ ಎಂದೆ. ತಂದುಕೊಟ್ಟು ಹೋದರು.

ಅಕ್ಟೋಬರ್ 15, ಮಂಗಳವಾರ

ಮೂರನೇ ಅಳತೆ. ದಾನವ್ವ: ಮಾತು ಮೂರು. ಕಾಲರು, ಅವ್ವ, ಹಾಲು. ಮರದ ತುಂಡು ನಾಲ್ಕರವರೆಗೆ ಜೋಡಿಸಿತು, ಐದನೆಯದನ್ನು ನನ್ನ ಕೈಗೆ ಕೊಟ್ಟಿತು. ಶಬಾಷ್ ಎನ್ನಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಬ್ಯಾಗು ಹುಡುಕಿದೆ.

ಮೇಡಂಗೆ ಇನ್ನೂ ಹೇಳಿಲ್ಲ. ಮೂರು ಮಾತಿಗೆ ದೊಡ್ಡ ರಾಮಾಯಣ ಯಾಕೆ.

ವಠಾರದ ಮೇಲಿನ ಮಹಡಿ ತಗಡು ಸೋರುತ್ತದೆಂದು ಎರಡು ಮನೆಯವರು ಏಳನೇ ಕ್ರಾಸಿಗೆ ಹೋಗಿದ್ದಾರೆ, ಒಬ್ಬರು ಒಂಬತ್ತಕ್ಕೆ. ಹೊಸ ವಿಳಾಸ ಬರೆದುಕೊಂಡೆ.

ನವೆಂಬರ್ 5, ಮಂಗಳವಾರ

ಹಬ್ಬಕ್ಕೆ ಊರಿಗೆ ಹೋದವರು ಇನ್ನೂ ಬಂದಿಲ್ಲ. ಐದನೇ ಕ್ರಾಸು ಬಿಕೋ ಎನ್ನುತ್ತಿದೆ. ಕೋಟಿನ ಗುಂಡಿ ಇನ್ನೂ ಹಚ್ಚಿಲ್ಲ, ಸೂಜಿಗೆ ದಾರ ಪೋಣಿಸುವಷ್ಟು ಕೂಡ ಮೈಯಲ್ಲಿ ಕಸುವಿಲ್ಲ.

ಡಿಸೆಂಬರ್ 12, ಗುರುವಾರ

ನಾಲ್ಕನೇ ಅಳತೆ. ಏಳನೇ ಕ್ರಾಸಿಗೆ ಹೊಸದಾಗಿ ಬಂದ, ನಾನು ಮೊದಲ ಸಲ ನೋಡುತ್ತಿದ್ದ ಒಂದು ಗಂಡು ಮಗು ನನ್ನ ಕೋಟು ಹಿಡಿದು ಹೇಳಿತು, ಕಾಲರು, ತೋಳು. ಅದರ ತಾಯಿ ರಾಯಚೂರಿನವಳು, ಸುಮಂಗಲಾ ಯಾರೆಂದೂ ಅವಳಿಗೆ ಗೊತ್ತಿಲ್ಲ. ಒಂಬತ್ತನೇ ಕ್ರಾಸಿನಲ್ಲೂ ಅದೇ. ಅಲ್ಲಿ ಅಂಚು ಆದ ಮೇಲೆ ಚಪ್ಪಲಿ ಎಂದು ಒಂದು ಸೇರಿಸಿಕೊಂಡಿದ್ದಾರೆ.

ನನ್ನ ಮೂರೂ ಅಳತೆ ಕ್ರಾಸು ಈಗ ಆಟದ ಕ್ರಾಸು. ಹೆಸರು ಮಾತ್ರ ಹಳೆಯದು.

ಆದರೂ ಸುಳ್ಳೇಕೆ ಹೇಳಲಿ. ಮೂರು ಮಹಡಿ ಇಳಿದು ಬರುವಾಗ ಮಂಡಿ ನೋವು ನೆನಪಾಗಲಿಲ್ಲ.

ಫೆಬ್ರವರಿ 4, ಮಂಗಳವಾರ

ಡೈರಿಯ ಡಿಸೆಂಬರ್ ಹಾಳೆ ಮುಗಿದು, ಖಾಲಿ ಬಿದ್ದಿದ್ದ ಮೊದಲ ಹಾಳೆಗಳಿಗೆ ಬಂದಿದ್ದೇನೆ.

ಕೊನೆಯ ಅಳತೆ. ಸೌಮ್ಯಾ ಮೇಡಂ ನನ್ನ ಜೊತೆಗೇ ಬಂದಿದ್ದಳು, ಸರಿಯಾಗಿ ಅಳೆಯುತ್ತಿದ್ದೇನೆಯೇ ಎಂದು ನೋಡಲು. ದಾನವ್ವ ಈಗ ಒಂಬತ್ತು ಮಾತಾಡುತ್ತದೆ. ಒಂದೊಂದೇ. ಎರಡು ಮಾತು ಕೂಡಿಸಿ ಹೇಳುತ್ತದೆಯೇ? ಇಲ್ಲ ಎಂದು ಬರೆದೆ. ಮೇಡಂ ಪಕ್ಕದಲ್ಲಿ ಇಲ್ಲದಿದ್ದರೂ ಇಲ್ಲ ಎಂದೇ ಬರೆಯುತ್ತಿದ್ದೆ.

ಚನ್ನಕ್ಕನ ಬಾಗಿಲಲ್ಲಿ ಮಕ್ಕಳು ಸಾಲಾಗಿ ನಿಂತಿದ್ದವು. ಮೇಡಂ ಕೇಳಿಸಿಕೊಂಡಳು. ಏಳರಲ್ಲೂ ಕೇಳಿಸಿಕೊಂಡಳು, ಒಂಬತ್ತರಲ್ಲೂ.

"ಇದೇನ್ ಪದ್ಮಕ್ಕ, ಎಲ್ಲಾ ಕಡೆ ಇದೇ ಹಾಡು? ನಮ್ ಬುಕ್ಕಲ್ಲಿಲ್ಲ. ಅಂಗನವಾಡಿ ಪದ್ಯಾನಾ?"

"ಇರ್ಬೋದು ಮೇಡಂ" ಎಂದೆ.

ಚನ್ನಕ್ಕ ನನ್ನನ್ನೇ ನೋಡುತ್ತಿದ್ದಳು. ಮುದುಕಿ ಬಾಯಿ ಬಿಡಲಿಲ್ಲ.

ಫೆಬ್ರವರಿ 24, ಸೋಮವಾರ

ಆಫೀಸಿಗೆ ಹೋದಾಗ ಸೌಮ್ಯಾ ಮೇಡಂ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಮೊದಲ ಲೆಕ್ಕ ಬಂದಿದೆ.

"ಆಟದ ಕ್ರಾಸ್ ಮಕ್ಕಳು ಮುಂದೆ ಬಂದಿದಾರೆ. ಅಳತೆ ಕ್ರಾಸ್ ಮಕ್ಕಳೂ ಹೆಚ್ಚುಕಮ್ಮಿ ಅಷ್ಟೇ ಬಂದಿದಾರೆ. ನಿಮ್ ಕಡೆ ಮೂರು ಕ್ರಾಸಂತೂ ಒಂದು ಕೈ ಮೇಲೇ. ಹಂಗಾದ್ರೆ ನಾವು ಮನೆ ಮನೆಗೆ ಹೋಗಿ ಕಲಿಸಿದ್ದು ಯಾಕೆ? ಮಕ್ಕಳು ಬೆಳೀತಾ ಬೆಳೀತಾ ತಾವೇ ಕಲಿತಾರೆ ಬಿಡಿ ಅಂತಾರೆ ಇಲಾಖೆಯವ್ರು. ಹತ್ತನೇ ತಾರೀಕು ಮೀಟಿಂಗು. ಮೂರು ವರ್ಷ ಇದಕ್ಕೇ ಓಡಾಡಿದೀನಿ ಪದ್ಮಕ್ಕ."

ನೀರು ಕುಡಿಯಿರಿ ಮೇಡಂ ಎಂದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಅದು ನೀರು ಕುಡಿಯಿರಿ ಎನ್ನದೆ ಮತ್ತೇನು ಹೇಳೀತು.

ಫೆಬ್ರವರಿ 25, ಮಂಗಳವಾರ

ಒಂದು ಮಗುವಿನ ಬಾಯಿ ಬಿಡಿಸಲು ಹೋಗಿ ಎಷ್ಟು ಅಂಗನವಾಡಿಗಳ ಬಾಗಿಲು ಮುಚ್ಚಿದೆನೋ. ಅತ್ತಿಬೆಲೆಯಲ್ಲಿ ಮಗಳ ಮನೆಯ ಹಿಂದೆಯೇ ಒಂದು ಅಂಗನವಾಡಿ ಇದೆ. ಅಲ್ಲಿಗೂ ಈ ಪಾಠ ಬರುತ್ತಿತ್ತು. ಡಿಸೆಂಬರ್ ಕೊನೆಗೆ ಹುಟ್ಟಿದ ನನ್ನ ಮೊಮ್ಮಗು ನಾಳೆ ಅಲ್ಲಿಗೇ ಹೋಗುತ್ತಿತ್ತೇನೋ.

ಹೇಳಿದರೆ ಕೆಲಸ ಹೋಗುತ್ತದೆ. ಈ ಮಂಡಿ ಇಟ್ಟುಕೊಂಡು ಮತ್ತೆ ಲೈನಿನಲ್ಲಿ ನಿಲ್ಲಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಚನ್ನಕ್ಕ ಹೇಳುವವಳಲ್ಲ.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಇವರಿಗೆ ರಜೆ. ಮಧ್ಯಾಹ್ನ ಕಾಫಿ ಕೊಟ್ಟು ಎದುರಿಗೇ ಕೂತೆ. ಜೂನ್‌ನಿಂದ ಎಲ್ಲ ಹೇಳಿದೆ. ಒಂದು ಗಂಟೆಯೇ ಹಿಡಿಯಿತೇನೋ, ಕಾಫಿ ಆರಿಹೋಯಿತು, ಇವರು ನಡುವೆ ಎದ್ದು ಹೋಗಲಿಲ್ಲ.

ಕೊನೆಗೆ ಹೇಳಿದರು: "ನಮ್ಮಲ್ಲಿ ಅಳೆಯೋ ಗೇಜ್ ತಪ್ಪಿದ್ರೆ ಪೀಸ್ ಕೆಟ್ಟಿದೆ ಅಂತ ಅಲ್ಲ ಕಣೇ. ಪೀಸ್ ಚೆನ್ನಾಗೇ ಇರುತ್ತೆ. ಆದ್ರೆ ಗೇಜ್ ತಪ್ಪಿದೆ ಅಂತ ಗೇಜ್ ಹಿಡಿದೋರೇ ಹೇಳ್ಬೇಕು. ಬೇರೆಯೋರಿಗೆ ಕಾಣೋದಿಲ್ಲ."

"ಕೆಲಸ ಹೋಗುತ್ತೆ" ಎಂದೆ.

"ಹೋಗ್ಲಿ ಬಿಡು. ನೀನು ಮನೇಲಿ ವಟಗುಟ್ಟೋದು ನಿಲ್ಸದೇ ಇದ್ರೆ ಸಾಕು" ಎಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಕಾಫಿ ಬಿಸಿ ಮಾಡಿ ತಂದರು. ಅವರೇ.

ಫೆಬ್ರವರಿ 27, ಗುರುವಾರ

ಹೇಳಿದೆ. ಈ ಡೈರಿಯಿಂದ ತಾರೀಕುಗಳನ್ನು ಬೇರೆ ಹಾಳೆಗೆ ಇಳಿಸಿಕೊಂಡು ಹೋಗಿದ್ದೆ. ಜುಲೈ ಒಂಬತ್ತು, ಬಸ್ ಸ್ಟಾಪು. ಸೆಪ್ಟೆಂಬರ್ ಹನ್ನೊಂದು, ಒಗೆಯುವ ಕಲ್ಲು. ಅಕ್ಟೋಬರ್, ಮನೆ ಬದಲಿಸಿದವರು. ಡಿಸೆಂಬರ್, ಏಳು ಮತ್ತು ಒಂಬತ್ತು. ಅಂಕೆ ಒಂದನ್ನೂ ತಿದ್ದಿಲ್ಲ, ಮಕ್ಕಳು ಎಷ್ಟು ಹೇಳಿದವೋ ಅಷ್ಟೇ ಬರೆದಿದ್ದೇನೆ ಎಂದೂ ಸೇರಿಸಿ ಕೆಳಗೆ ಸಹಿ ಹಾಕಿದೆ.

ಸೌಮ್ಯಾ ಮೇಡಂ ಎರಡು ಸಲ ಓದಿದಳು. "ಇದು ಕೆಲಸ ಮಾಡುತ್ತೆ ಅನ್ನೋದು ಎಲ್ಲಾರಿಗಿಂತ ಮೊದ್ಲು ನಿಮಗೇ ಗೊತ್ತಾಗಿದೆ. ಬೇರೆ ಯಾರಿಗೂ ಗೊತ್ತಾಗದ ಹಾಗೆ ನೀವೇ ಮಾಡಿದ್ರಿ. ನಂಗೆ ತುಂಬಾ ಕೋಪ ಬರ್ತಿದೆ ಪದ್ಮಕ್ಕ."

"ಬರಲಿ ಮೇಡಂ."

"ಆ ಮಗು ಮಾತಾಡ್ಲಿಲ್ಲ ಅಂದಾಗ ನನ್ ಹತ್ರ ಯಾಕ್ ಬರ್ಲಿಲ್ಲ?"

"ಬಂದಿದ್ರೆ ಕಲಿಸಿ ಅಂತಿದ್ರಾ?"

ಅವಳು ಹಾಳೆ ಮಡಿಸಿಟ್ಟಳು. "ಅಂತಿರ್ಲಿಲ್ಲ" ಎಂದಳು. ಹುಡುಗಿ ಸುಳ್ಳು ಹೇಳುವವಳಲ್ಲ.

ನಾನು ತಪ್ಪು ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಮತ್ತೆ ಬಸ್ ಸ್ಟಾಪಿನಲ್ಲಿ ಸುಮಂಗಲಾ ಸಿಕ್ಕರೆ ಮುಖ ತಿರುಗಿಸುತ್ತೇನೆ ಎಂದರೆ ಅದೂ ಸುಳ್ಳೇ. ಎರಡನ್ನೂ ಮೇಡಂಗೆ ಹೇಳಿಯೇ ಬಂದೆ. ನಾಳೆಯಿಂದ ಬರುವುದು ಬೇಡ ಎಂದಳು.

ಮಾರ್ಚ್ 12, ಬುಧವಾರ

ಮೇಡಂ ಫೋನ್ ಮಾಡಿದ್ದಳು. ಮಾಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ನನ್ನ ಮೂರು ಕ್ರಾಸನ್ನು ತೆಗೆದುಹಾಕಿ ನೋಡಿದರೆ ವ್ಯತ್ಯಾಸ ಕಾಣುತ್ತದೆಯಂತೆ, ಚೆನ್ನಾಗಿಯೇ ಕಾಣುತ್ತದೆಯಂತೆ. ಆದರೆ ಮಕ್ಕಳ ಸಂಖ್ಯೆ ಕಡಿಮೆಯಾಯಿತು, ಇನ್ನೊಂದು ವರ್ಷ ಬೇರೆ ಕಡೆ ಮಾಡಿ ತೋರಿಸಿ ಎಂದರಂತೆ ಇಲಾಖೆಯವರು. ಫೈಲು ಮುಚ್ಚಿಲ್ಲ, ತೆರೆದೂ ಇಲ್ಲ.

ದಾನವ್ವಳ ಫಾರಂ ಕೂಡ ತೆಗೆದುಹಾಕಿದ ಕಟ್ಟಿನಲ್ಲಿ ಹೋಯಿತು. ಸೊನ್ನೆಯಿಂದ ಒಂಬತ್ತರವರೆಗೆ ಬಂದದ್ದು ಯಾವ ಲೆಕ್ಕದಲ್ಲೂ ಇಲ್ಲ. ಅದಕ್ಕೇನೂ ಬೇಜಾರಿಲ್ಲ. ಇದೆ, ಸ್ವಲ್ಪ ಇದೆ.

"ಕೋಟು ತಂದ್ಕೊಡಿ ಪದ್ಮಕ್ಕ, ಸ್ಟೋರ್‌ನಲ್ಲಿ ಕೇಳ್ತಿದಾರೆ" ಎಂದಳು ಕೊನೆಗೆ. ಫೋನ್ ಇಡುವ ಮೊದಲು, ಅಂಚು ಆದ ಮೇಲೆ ಏನು ಹೇಳಬೇಕು ಎಂದು ಕೇಳಿದಳು. ಪಾಸ್ ಎಂದು ಬೆನ್ನು ತಟ್ಟಬೇಕು ಎಂದೆ. ಬರೆದುಕೊಳ್ಳುತ್ತಿರುವ ಹಾಗೆ ಕೇಳಿಸಿತು.

ಮಾರ್ಚ್ 17, ಸೋಮವಾರ

ಕೋಟು ಕೊಡಲು ಹೊರಟೆ. ಕೈಯಲ್ಲಿ ಹಿಡಿಯುವುದೇಕೆಂದು ಹಾಕಿಕೊಂಡೇ ಹೋದೆ. ಐದನೇ ಕ್ರಾಸಿನ ಮೇಲೆ ಹೋದೆ, ಹತ್ತಿರದ ದಾರಿ ಎಂದು ಈ ಸಲ ನೆಪ ಹೇಳುವುದಿಲ್ಲ.

ಸುಮಂಗಲಾ ಕೆಲಸಕ್ಕೆ ಹೊರಡುವವಳು ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾರ, ನಮ್ಮ ಸಲುವಾಗಿ ನಿಮ್ಮ ಕೆಲಸ ಹೋತಂತಲ್ರಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹೋಗಲಿ ಬಿಡಮ್ಮ, ಮಂಡಿಗೆ ಆರಾಮಾಯ್ತು ಎಂದೆ. ಅವಳು ಅಳುತ್ತಿದ್ದಳು, ನನಗೂ ಅಳು ಬಂತು. ದಾರಿಯಲ್ಲಿ ನಿಂತು ಅತ್ತು ಎಷ್ಟು ವರ್ಷವಾಗಿತ್ತೋ.

ಅಷ್ಟರಲ್ಲಿ ದಾನವ್ವ ಬಂದು ಕೋಟು ಜಗ್ಗಿತು. ಕೂತೆ. ಮಂಡಿ ಲಟಕ್ಕೆಂದಿತು. ಅದು ಎಂದಿನ ಹಾಗೆ ಬೆರಳಿಟ್ಟು ಶುರು ಮಾಡಿತು. ಕಾಲರು. ತೋಳು. ಗುಂಡಿ. ಇನ್ನೊಂದು ಗುಂಡಿ. ಮೂರನೆಯದರ ಜಾಗಕ್ಕೆ ಬಂದು ಬೆರಳು ನಿಂತಿತು. ಅಲ್ಲಿ ದಾರದ ತುದಿ ಮಾತ್ರ ಇದೆ. ದಾನವ್ವ ಅದನ್ನು ನೋಡಿತು, ನನ್ನ ಮುಖ ನೋಡಿತು, ಮತ್ತೆ ಅದನ್ನೇ ನೋಡಿತು.

"ಗುಂಡಿ ಇಲ್ಲ" ಎಂದಿತು.

ಸುಮಂಗಲಾ ಅಳು ನಿಲ್ಲಿಸಿದಳು. "ಏನಂದಿ? ಏನಂದೆವ್ವಾ?"

"ಗುಂಡಿ ಇಲ್ಲ" ಎಂದು ಇನ್ನೂ ಗಟ್ಟಿಯಾಗಿ ಹೇಳಿತು, ಬೆನ್ನು ತಟ್ಟದೆ ಹೋಗಿಬಿಟ್ಟಿತು. ಪಾಸ್ ಮಾಡಲಿಲ್ಲ. ಒಂಬತ್ತು ತಿಂಗಳಲ್ಲಿ ಒಬ್ಬರಾದರೂ ಆ ಗುಂಡಿಯನ್ನು ಕೇಳಲಿಲ್ಲವಲ್ಲ, ನಾನೂ ನೋಡಿ ನೋಡಿ ಪಾಸ್ ಮಾಡಿದ್ದೆ.

ಆಫೀಸಿಗೆ ಹೋಗದೆ ಮನೆಗೆ ಬಂದೆ. ದಾರ ಪೋಣಿಸಲು ಕಣ್ಣು ಕಾಣಲಿಲ್ಲ, ಇವರು ಪೋಣಿಸಿಕೊಟ್ಟರು. ಗುಂಡಿ ಹಚ್ಚಿದ್ದಾಯಿತು, ಕೋಟನ್ನು ನಾಳೆ ಕೊಡುತ್ತೇನೆ.

ನನ್ನ ಹತ್ತಿರ ಈಗ ಫಾರಂ ಇಲ್ಲ. ಇಲ್ಲೇ ಬರೆಯುತ್ತೇನೆ.

ದಾನೇಶ್ವರಿ, ಐದನೇ ಕ್ರಾಸು, ಇಪ್ಪತ್ತೊಂಬತ್ತು ತಿಂಗಳು. ಎರಡು ಮಾತು ಕೂಡಿಸಿ ಹೇಳುತ್ತದೆಯೇ? ಹೌದು.